ಬಾಯಿ ಬಿಡದ ಮಗಳು

ಕೂಸು ಹಾಲು ಬೇಡವೆಂದರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ, ಇಡೀ ಬೀದಿಗೆ ಕೆಲಸ ಸಿಗುತ್ತದೆ. ಇವತ್ತಿಗೂ ಯಾರಾದರೂ ಬಾಣಂತಿ “ಮಗು ಕುಡೀತಾನೇ ಇಲ್ಲ” ಎಂದು ಕಣ್ಣೊರೆಸಿಕೊಂಡರೆ ನನಗೆ ನಗು ಒತ್ತರಿಸಿ ಬರುತ್ತದೆ. ಅವಳ ಸಂಕಟಕ್ಕಲ್ಲ, ನಮ್ಮ ಮನೆಯಲ್ಲಿ ನಡೆದದ್ದೆಲ್ಲ ನೆನಪಾಗಿ.

ತೊಂಬತ್ತರ ದಶಕದ ಮಧ್ಯದ ಮಾತು. ಮನೆ ಬಸವನಗುಡಿಯಲ್ಲಿ, ನನ್ನ ಕೆಲಸ ಚಾಮರಾಜಪೇಟೆಯ ಒಂದು ಬ್ಯಾಂಕಿನ ಕೌಂಟರಿನಲ್ಲಿ. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಮಗಳನ್ನೆತ್ತಿಕೊಂಡು ಬಂದಾಗ ರಜೆ ಮುಗಿಯಲು ಹದಿನೈದೇ ದಿನ ಉಳಿದಿತ್ತು. ಅಷ್ಟರೊಳಗೆ ಅವಳು ನನ್ನ ಎದೆ ಬಿಟ್ಟು ಬೇರೆ ಯಾವುದರಿಂದಲಾದರೂ ಹಾಲು ಕುಡಿಯುವುದನ್ನು ಕಲಿಯಬೇಕು. ಕಲಿಯದಿದ್ದರೆ ನಾನು ಕೆಲಸ ಬಿಡಬೇಕು. ಎರಡು ಸಲ ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ ಅದು, ಬಿಡುವ ಮನಸ್ಸು ನನಗಿರಲಿಲ್ಲ. ಬಾಯಿ ತೆರೆಯುವ ಮನಸ್ಸು ಮಗಳಿಗೂ ಇರಲಿಲ್ಲ.

ಬಾಟಲಿ ಪಾಠ

ನನ್ನ ಗಂಡ ಗಾಂಧಿ ಬಜಾರಿಗೆ ಹೋಗಿ ಎರಡು ಬಾಟಲಿ, ಒಂದು ಹಾಲಿನ ಪುಡಿಯ ಡಬ್ಬ, ಅಂಗಡಿಯಲ್ಲಿದ್ದಷ್ಟೂ ಬಗೆಯ ನಿಪ್ಪಲ್ಲುಗಳನ್ನು ತಂದರು. ನಮ್ಮ ಮಾವ ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಡಬ್ಬದ ಮೇಲೆ ಬರೆದದ್ದನ್ನು ಪ್ರಶ್ನೆಪತ್ರಿಕೆಯ ಹಾಗೆ ಎರಡೆರಡು ಸಲ ಓದಿ, ಗಡಿಯಾರ ಮುಂದಿಟ್ಟುಕೊಂಡು ಹಾಲು ಕಲಸಿದರು.

ಮಗಳು ನಿಪ್ಪಲ್ಲನ್ನು ನೋಡಿದಳು. ತುಟಿ ಬಿಗಿದಳು. ನಿಪ್ಪಲ್ ಬದಲಾಯಿಸಿದೆವು. ಇನ್ನಷ್ಟು ಬಿಗಿದಳು. ಐದನೆಯದಕ್ಕೆ ಮುಖವನ್ನೇ ಗೋಡೆಯ ಕಡೆ ತಿರುಗಿಸಿದಳು.

ಮಾವನವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು, “ಕುಡಿ ಕುಡಿ ಅಂದ್ರೆ ಹೇಗಯ್ಯಾ ಗೊತ್ತಾಗತ್ತೆ? ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರಿಸ್ಬೇಕು. ನೀನು ಎದುರಿಗೆ ಕೂತ್ಕೊಂಡು ಕುಡಿ.”

“ಅಪ್ಪಾ, ನಾನಾ?”

“ಮತ್ತೆ ನಾನಾ? ನನಗೆ ಹಲ್ಲು ಸೆಟ್ಟು.”

ಮೂವತ್ತೆರಡು ವರ್ಷದ ನನ್ನ ಗಂಡ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಾಟಲಿ ಚೀಪತೊಡಗಿದರು. ಮಗಳಿಗೆ ಬಹಳ ಹಿಡಿಸಿತು. ಕೈಕಾಲು ಬಡಿದು ಬೊಚ್ಚು ಬಾಯಿ ತುಂಬ ನಕ್ಕಳು. ಅದೇ ಸಮಯ ಎಂದು ನಾನು ಇನ್ನೊಂದು ಬಾಟಲಿ ಹತ್ತಿರ ತಂದೆ. ಬಾಯಿ ಪಟ್ಟನೆ ಮುಚ್ಚಿತು. ಇತ್ತ ನೋಡಿದರೆ ಗಂಡನ ಕೈಯಲ್ಲಿದ್ದ ಬಾಟಲಿ ಖಾಲಿ.

“ಪರವಾಗಿಲ್ಲ ಕಣಪ್ಪಾ, ಚೆನ್ನಾಗೇ ಇದೆ,” ಎಂದರು ಅವರು ಮೀಸೆ ಒರೆಸಿಕೊಂಡು.

ಮಾವ ನಿಟ್ಟುಸಿರು ಬಿಟ್ಟರು. “ಹೋಗ್ಲಿ ಬಿಡು. ಕ್ಲಾಸಲ್ಲಿ ಒಬ್ಬನಾದ್ರೂ ಕಲಿತ.”

ಮೂರು ತಲೆಮಾರಿನ ಒಳಲೆ

ಆಗ ನಮ್ಮತ್ತೆ ಮುಂದೆ ಬಂದರು. “ಬಾಟ್ಲಿಯಂತೆ, ಡಬ್ಬವಂತೆ. ನಾವೇನು ಮಕ್ಕಳನ್ನ ಸಾಕೇ ಇಲ್ವಾ?” ಎನ್ನುತ್ತ ಟ್ರಂಕು ತೆಗೆದು ಬೆಳ್ಳಿಯ ಒಳಲೆಯನ್ನು ಹೊರಗೆ ತಂದು, ವಿಭೂತಿ ಹಾಕಿ ಫಳಫಳ ತಿಕ್ಕಿದರು. ಮಗುವಿನ ಬಾಯಿಗೆ ಹಾಲು ತೊಟ್ಟಿಕ್ಕಿಸಲು ಉದ್ದ ಮೂತಿ ಇರುವ ಪುಟ್ಟ ಬಟ್ಟಲು ಅದು. “ನಮ್ಮನೇಲಿ ಮೂರು ತಲೆಮಾರು ಇದರಲ್ಲೇ ಹಾಲು ಕುಡಿದಿರೋದು. ಪುಡಿ ಗಿಡಿ ಬೇಡ. ನಿನ್ನ ಹಾಲೇ ಹಿಂಡಿಕೊಡು.”

ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ, ಮೊಣಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಒಳಲೆಯ ಮೂತಿ ತುಟಿಗೆ ತಾಗಿತು. ಎರಡು ತೊಟ್ಟು ಒಳಗೆ ಹೋಯಿತು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಮರುಕ್ಷಣ ಆ ಎರಡು ತೊಟ್ಟೂ ಜೊಲ್ಲಿನ ಸಮೇತ ಫುರ್ ಎಂದು ಅತ್ತೆಯ ಕನ್ನಡಕದ ಮೇಲೆ ಬಂತು.

ಹಿಂಡಿಟ್ಟದ್ದು ನನ್ನದೇ ಹಾಲು. ಆದರೂ ಬೇಡ. ಮೂರು ದಿನ, ದಿನಕ್ಕೆ ನಾಲ್ಕು ಸಲ ಇದೇ ಕಥೆ. ಅತ್ತೆ ಸೋಲೊಪ್ಪಲಿಲ್ಲ. ಸೀರೆ ಬದಲಾಯಿಸಿಕೊಂಡು ಬಂದು ಮತ್ತೆ ಕೂರುತ್ತಿದ್ದರು.

ಮೂರನೆಯ ದಿನ ನನ್ನ ಗಂಡ ಪಾಪ, ಸಮಾಧಾನ ಮಾಡಲು ಹೋದರು. “ಅಮ್ಮಾ, ನಾನು ಎಷ್ಟು ದಿನಕ್ಕೆ ಕಲಿತಿದ್ದೆ?”

ಅತ್ತೆ ಕನ್ನಡಕ ಒರೆಸುತ್ತಿದ್ದವರು ತಲೆ ಎತ್ತಲಿಲ್ಲ. “ನೀನೆಲ್ಲಿ ಕಲಿತೆ? ಎರಡು ವರ್ಷ ನನ್ನ ಬಿಟ್ಟು ಕದಲಲಿಲ್ಲ.”

“ಅಪ್ಪ?”

“ನಿಮ್ಮಪ್ಪನೂ ಕುಡೀಲಿಲ್ವಂತೆ. ನಿಮ್ಮಜ್ಜಿ ಹೇಳೋರು.”

“ಮತ್ತೆ ಮೂರು ತಲೆಮಾರು ಅಂದೆ?”

“ಮೂರು ತಲೆಮಾರಿಂದ ಪ್ರಯತ್ನ ಅಂತೂ ನಡೀತಾನೇ ಇದೆ,” ಎಂದರು ಅತ್ತೆ.

ಅರಳಿಕಟ್ಟೆಯಲ್ಲಿ ಸೊಸೆ

ಮಕ್ಕಳ ಡಾಕ್ಟರು ಮಗುವನ್ನು ತೂಗಿ, ಕಿವಿ ಗಂಟಲು ನೋಡಿ, “ಏನೂ ತೊಂದರೆ ಇಲ್ಲ, ಹಠ ಅಷ್ಟೆ,” ಎಂದರು. “ಬಲವಂತ ಮಾಡ್ಬೇಡಿ. ತಾಯಿ ಮನೇಲಿದ್ರೆ ಅದಕ್ಕೆ ವಾಸನೆ ಗೊತ್ತಾಗತ್ತೆ. ಅಸಲಿ ಸಿಗೋವಾಗ ಒಳಲೆ ಯಾಕೆ ಬೇಕು? ಕುಡಿಸೋ ಹೊತ್ತಿಗೆ ನೀವು ಆಚೆ ಹೋಗ್ಬಿಡಿ.”

ಡಾಕ್ಟರ ಮಾತೆಂದರೆ ಅತ್ತೆಗೆ ವೇದವಾಕ್ಯ. ಮರುದಿನ ಹತ್ತು ಗಂಟೆಗೆ ನನ್ನನ್ನು ಬಾಗಿಲಿನಿಂದ ಆಚೆ ಮಾಡಿ ಚಿಲಕ ಹಾಕಿದರು. ಚಪ್ಪಲಿ ಒಳಗೇ ಉಳಿಯಿತು. ನಾನು ಬರಿಗಾಲಲ್ಲಿ, ಮನೆ ಸೀರೆಯಲ್ಲಿ, ಬೀದಿ ಕೊನೆಯ ಅರಳಿಕಟ್ಟೆಯ ಮೇಲೆ ಕೂತೆ. ಅಲ್ಲಿಗೂ ಮಗಳ ಅಳು ಕೇಳುತ್ತಿತ್ತು. ಅದು ಕೇಳಿದ್ದೇ ತಡ, ಎದೆಯಲ್ಲಿ ಹಾಲು, ಕಣ್ಣಲ್ಲಿ ನೀರು ಒಟ್ಟಿಗೆ ಇಳಿಯತೊಡಗಿತು.

ತರಕಾರಿ ಚೀಲ ಹಿಡಿದು ಬಂದ ಮೂಲೆಮನೆಯಾಕೆ ನಿಂತುಬಿಟ್ಟರು. “ಯಾಕಮ್ಮಾ, ಇಲ್ಲಿ ಕೂತಿದೀಯಾ?”

“ಅತ್ತೆ ಆಚೆ ಕಳಿಸಿದಾರೆ.”

“ಮಗು?”

“ಒಳಗಿದೆ. ಕರೆಯೋವರ್ಗೂ ಬರಬೇಡ ಅಂದಿದಾರೆ.” ಅಳುವಿನಲ್ಲಿ ನನಗೆ ಬಂದ ಮಾತು ಇಷ್ಟೆ.

ಆಕೆ ಚೀಲವನ್ನು ನನ್ನ ಪಕ್ಕ ಇಟ್ಟು, ಇನ್ನಿಬ್ಬರನ್ನು ಕೂಗಿ ಕರೆದು, ನಮ್ಮ ಮನೆಯತ್ತ ದಂಡೆತ್ತಿ ಹೊರಟೇಬಿಟ್ಟರು. ನಾನು ಹಿಂದಿನಿಂದ ಕೂಗಿದ್ದು ಯಾರಿಗೂ ಕೇಳಲಿಲ್ಲ. ಬಾಗಿಲು ಬಡಿದ ಸದ್ದಿಗೆ ಅತ್ತೆ ಹೊರಗೆ ಬಂದರು. ಕೂದಲಿಂದ ಹಾಲು ತೊಟ್ಟಿಕ್ಕುತ್ತಿತ್ತು.

“ಹಸುಗೂಸಿನ ತಾಯೀನ ಬೀದಿಗೆ ಹಾಕಿದೀರಲ್ರೀ, ನೀವು ಮನುಷ್ಯರಾ?” ಎಂದರು ಮೂಲೆಮನೆಯಾಕೆ.

“ಹೌದು ಕಣ್ರೀ, ನಾನೇ ಹಾಕಿದ್ದು. ಇನ್ನೊಂದು ಗಂಟೆ ಒಳಗೆ ಬಿಡಲ್ಲ. ಅಷ್ಟು ಮರುಕ ಇದ್ರೆ ಬನ್ನಿ, ನೀವೇ ಕುಡಿಸಿ,” ಎಂದು ಅತ್ತೆ ಒಳಲೆಯನ್ನು ಆಕೆಯ ಕೈಗೆ ಕೊಟ್ಟರು.

ಮುಕ್ಕಾಲು ಗಂಟೆಯ ಮೇಲೆ ಮೂವರೂ ಹೊರಗೆ ಬಂದರು. ಮೂವರ ಸೀರೆಯೂ ಒದ್ದೆ. ಮೂಲೆಮನೆಯಾಕೆ ಕಟ್ಟೆಯ ಮೇಲಿನ ಚೀಲ ಎತ್ತಿಕೊಂಡು ಮೆಲ್ಲಗೆ ಹೇಳಿದರು, “ನಿಮ್ಮತ್ತೇದು ಏನೂ ತಪ್ಪಿಲ್ಲ ಕಣಮ್ಮಾ. ಆ ಮಗು ಹತ್ರ ಇರೋದಕ್ಕಿಂತ ನೀನು ಇಲ್ಲಿ ಕೂತಿರೋದೇ ವಾಸಿ.”

ಅತ್ತೆ ಉಟ್ಟ ಸೀರೆ

ರಜೆ ಮುಗಿಯಲು ಇನ್ನು ಮೂರು ದಿನ ಇತ್ತು. ಶುಕ್ರವಾರ ಸಂಜೆ ನಾನು ರಾಜೀನಾಮೆ ಬರೆಯಲು ಕೂತೆ. ನಿಜ ಹೇಳಬೇಕೆಂದರೆ ಅಷ್ಟು ದುಃಖ ನನಗೆ ಹೆರಿಗೆ ನೋವಿನಲ್ಲೂ ಆಗಿರಲಿಲ್ಲ. ಅತ್ತೆ ಬಂದು ಕಾಗದ ಕಿತ್ತುಕೊಂಡರು. “ನಾನು ಎಸ್ಸೆಲ್ಸಿ ಫಸ್ಟ್ ಕ್ಲಾಸು. ನನಗೂ ಟೆಲಿಫೋನ್ ಆಫೀಸಿಂದ ಕೆಲಸಕ್ಕೆ ಕರೆದಿದ್ರು. ಕಳಿಸೋರು ಯಾರೂ ಇರಲಿಲ್ಲ. ನೀನು ಸೋಮವಾರ ಹೋಗ್ತೀಯಾ. ಅದು ಹೇಗೆ ಕುಡಿಯಲ್ವೋ ನಾನೂ ನೋಡೇಬಿಡ್ತೀನಿ.”

ಮತ್ತೆ ಡಾಕ್ಟರ ಹತ್ತಿರ ಹೋದೆವು. “ವಾಸನೇನೇ ಬೇಕಲ್ವಾ? ಕುಡಿಸೋರು ತಾಯಿ ಉಟ್ಟು ಬಿಟ್ಟ ಬಟ್ಟೆ ಹಾಕ್ಕೊಳ್ಳಿ,” ಎಂದರು ಅವರು.

ಅತ್ತೆಯ ಮುಖ ಸಣ್ಣಗಾಯಿತು. ಏಕೆಂದರೆ ನಮ್ಮತ್ತೆಯ ಮಡಿ ಅಂತಿಂಥದ್ದಲ್ಲ. ಅವರ ಸೀರೆ ಸೂರಿನ ಗಳದ ಮೇಲೆ, ಯಾರ ಕೈಗೂ ಎಟುಕದಂತೆ ಒಣಗುತ್ತಿತ್ತು. ಪೂಜೆ ಮುಗಿಯುವತನಕ ಮಾವನವರೂ ಮಾರು ದೂರ ನಿಲ್ಲಬೇಕು. ಅಂಥವರು ಸೊಸೆ ನಿನ್ನೆ ಉಟ್ಟು ಬಿಸುಟ, ಬೆವರು ಹಾಲು ಮೆತ್ತಿದ ಮೈಲಿಗೆ ಸೀರೆಯನ್ನು ಉಡುವುದೆಂದರೆ! ಭಾನುವಾರ ಗಂಡಸರು ಮಾರ್ಕೆಟ್ಟಿಗೆ ಹೋದದ್ದೇ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ದೇವರಲ್ಲಿ ತಪ್ಪೊಪ್ಪಿಕೊಂಡು, ನನ್ನ ಹೂವಿನ ನೈಲಾನ್ ಸೀರೆ ಸುತ್ತಿಕೊಂಡರು. ಸೆರಗನ್ನು ತಲೆಯ ಮೇಲೆಳೆದು ಮಗುವಿನ ಮೇಲೂ ಇಳಿಬಿಟ್ಟರು. ನಾನು ಹಿತ್ತಲಲ್ಲಿ ಅಡಗಿ ಇಣುಕಿದೆ. ಗುಟುಕ್ ಎಂದಿತು. ಮತ್ತೊಂದು ಗುಟುಕ್!

“ಕುಡೀತು ಕಣೇ!” ಎಂದು ಅತ್ತೆ ಕಿರುಚಿದರು. ದನಿ ಕೇಳಿದ ಮಗಳು ಒಮ್ಮೆ ತಲೆ ಎತ್ತಿ ಅವರ ಮುಖ ನೋಡಿ, ಮೋಸ ಹೋದವಳಂತೆ ಬಾಯಿ ಹರಿದುಕೊಂಡು ಅತ್ತಳು.

ಕುಡಿದು ಮುಗಿಸುವತನಕ ಒಂದು ಮಾತೂ ಆಡಬಾರದೆಂದು ಅಂದೇ ಗೊತ್ತಾಯಿತು. ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡರು. “ನಾನು ಮಡಿ ಬಿಟ್ಟಿದ್ದು ನಿಮ್ಮಾವನಿಗೆ ಗೊತ್ತಾಗಕೂಡದು.”

ಸೋಮವಾರ ಬ್ಯಾಂಕಿಗೆ ಹೋದೆ. ಊಟದ ಹೊತ್ತಿಗೆ ಮನೆಗೊಮ್ಮೆ ಬಂದು ಹೋಗುತ್ತೇನೆಂದು ಎಲ್ಲರಿಗೂ ಹೇಳಿದ್ದೆ. ಬೆಳಗೆಲ್ಲ ಯಾರ ಪಾಸ್‌ಬುಕ್ಕಿನಲ್ಲಿ ಏನು ಬರೆದೆನೋ ದೇವರೇ ಬಲ್ಲ. ಗಂಟೆ ಒಂದಾದ ಕೂಡಲೇ ಆಟೋ ಹಿಡಿದು ಬಂದು, ಮಗಳಿಗೆ ಸುಳಿವು ಸಿಗದಂತೆ ಪಕ್ಕದ ಓಣಿಯ ಕಿಟಕಿಗೆ ಮುಖ ಒತ್ತಿ ನಿಂತೆ.

ಒಳಗೆ ಬಾಗಿಲಿಗೆ ಬೆನ್ನು ಹಾಕಿ ನನ್ನದೇ ಸೀರೆ ಕೂತಿತ್ತು. ಗುಟುಕ್, ಗುಟುಕ್, ಗುಟುಕ್. ಕುಡಿಯುತ್ತಿದ್ದಾಳೆ! ಕೈಮುಗಿದುಕೊಂಡೆ.

ಅಷ್ಟರಲ್ಲಿ ಮಾವನವರು ಬಿಸಿಲಿನಿಂದ ಒಳಗೆ ಬಂದು ಕೊಡೆ ಮೂಲೆಗಿಟ್ಟರು. “ಬಂದ್ಯೇನಮ್ಮಾ? ನಿಮ್ಮತ್ತೆ ಕಾಣಿಸ್ತಿಲ್ಲ, ಹಿತ್ತಲಲ್ಲಿದಾಳಾ?”

ಸೀರೆ ಮಾತಾಡಲಿಲ್ಲ.

“ಒಳ್ಳೇದೇ ಆಯ್ತು. ಮಗು ಕುಡಿದಾದ್ಮೇಲೆ ನನಗೊಂದು ಕಾಫಿ ಕೊಡು. ಎರಡು ಚಮಚ ಸಕ್ಕರೆ ಹಾಕು, ಅವಳಿಗೆ ಹೇಳ್ಬೇಡ.”

ಮಾವನವರಿಗೆ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಅತ್ತೆ ಅವರ ಬಾಯಿಗೆ ಒಂದು ಹರಳು ಸಕ್ಕರೆ ಬೀಳದಂತೆ ಕಾವಲು ಕಾದಿದ್ದರು. ಸೀರೆಯೊಳಗಿನ ಬೆನ್ನು ನೆಟ್ಟಗಾಯಿತು. ಒಳಲೆ ಮಾತ್ರ ಅಲುಗಲಿಲ್ಲ.

ಮಾವ ಕುರ್ಚಿಯಲ್ಲಿ ಹಾಯಾಗಿ ಕಾಲು ಚಾಚಿದರು. “ನಿನ್ನ ಹತ್ರ ಹೇಳ್ಬಹುದು ಕಣಮ್ಮಾ, ನೀನು ಗುಟ್ಟು ಬಿಡಲ್ಲ. ಬೆಳಗ್ಗೆ ವಾಕಿಂಗ್ ಅಂತ ಹೋಗ್ತೀನಲ್ಲ, ಎಲ್ಲೂ ನಡೆಯಲ್ಲ. ಸೀದಾ ಹೋಟ್ಲು. ಖಾರಾಬಾತು, ಕೇಸರಿಬಾತು. ಇವಳು ಜ್ವರ ಬಂದವನಿಗೆ ಕಷಾಯ ಕೊಟ್ಟ ಹಾಗೆ ಹಾಗಲಕಾಯಿ ರಸ ಕೊಡ್ತಾಳಲ್ಲ, ಅದನ್ನ ದಿನಾ ದಾಸವಾಳದ ಗಿಡಕ್ಕೆ ಹಾಕ್ತೀನಿ. ಪಾಪ, ಗಿಡ ಸೊರಗ್ತಾ ಇದೆ.”

ಕಿಟಕಿಯ ಆಚೆ ನಾನು ಬಾಯಿಗೆ ಸೆರಗು ತುರುಕಿಕೊಂಡೆ. ನಾನು ಕೆಮ್ಮಿದರೂ ಮಗಳು ಕುಡಿಯುವುದು ಬಿಡುತ್ತಾಳೆ. ಅತ್ತೆ ಬಾಯಿ ತೆರೆದರೂ ಬಿಡುತ್ತಾಳೆ. ಸೆರಗಿನ ಅಂಚಿನಲ್ಲಿ ಅತ್ತೆಯ ಕಿವಿ ಕೆಂಪಗೆ ಕಾದದ್ದು ಅಲ್ಲಿಂದಲೇ ಕಾಣುತ್ತಿತ್ತು. ಮಾತಿಗೆ ಮಾತು ಕೊಡದೆ ಒಂದು ದಿನವೂ ಇದ್ದವರಲ್ಲ ಅವರು. ಮಡಿ ಬಿಟ್ಟದ್ದು ದೊಡ್ಡದಲ್ಲ, ನನ್ನ ಕೆಲಸಕ್ಕಾಗಿ ಆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತರಲ್ಲ, ಆ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ!

ಮಾವ ಇನ್ನೂ ಹೇಳುತ್ತಲೇ ಇದ್ದರು. ಶನಿವಾರ ಮೈಸೂರುಪಾಕು. ಏಕಾದಶಿಗೆ ಬೋಂಡ.

ಕೊನೆಯ ತೊಟ್ಟು ಒಳಗಿಳಿಯಿತು. ಅತ್ತೆ ಮಗುವಿನ ಬಾಯಿ ಒರೆಸಿ, ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟಿದರು. ಮಗಳು ದೊಡ್ಡದಾಗಿ ತೇಗಿದಳು. ಅದಾದ ಮೇಲೆ ಅತ್ತೆ ನಿಧಾನವಾಗಿ ತಲೆಯ ಸೆರಗು ಸರಿಸಿ, ಗಂಡನ ಕಡೆ ತಿರುಗಿದರು.

“ಎರಡು ಚಮಚ ಸಾಕೇನ್ರೀ, ಇನ್ನೊಂದು ಹಾಕ್ಲಾ?”