ಇಗರ್ಜಿಯ ಹೊರಗಿನ ಮಾಮ

ನಮ್ಮ ಇಗರ್ಜಿಯಲ್ಲಿ ಮೂವತ್ತು ವರ್ಷಗಳಿಂದ ಒಂದೇ ಒಂದು ಆದಿತ್ಯವಾರದ ಪೂಜೆ ತಪ್ಪಿಸದವರು ಯಾರು ಎಂದು ಕೇಳಿ. ಎಲ್ಲರೂ ನನ್ನ ಮಾಮನ ಕಡೆಗೆ ಬೆರಳು ತೋರಿಸುತ್ತಾರೆ. ಸರಿ, ಮೂವತ್ತು ವರ್ಷ ಇಗರ್ಜಿಯ ಹೊಸ್ತಿಲು ದಾಟದಿದ್ದವರು ಯಾರು ಎಂದು ಕೇಳಿ. ಬೆರಳು ಅಲ್ಲಿಂದ ಒಂದಿಂಚೂ ಕದಲುವುದಿಲ್ಲ! ಅಮ್ಮನ ಸ್ವಂತ ಅಣ್ಣ ಎಂಬ ಕಾರಣಕ್ಕೆ ನಾನು ಅವರ ಪರ ವಹಿಸಿ ಮಾತಾಡಬೇಕು, ನಿಜ. ಆದರೆ ಯಾವ ಬದಿಯಿಂದ ಹಿಡಿದರೂ ಅವರು ಕೈಗೆ ಸಿಗುವ ಮನುಷ್ಯರಲ್ಲ.

ನಮ್ಮದು ಕಡಬದ ಒಂದು ಮೂಲೆ. ಆಲಂಕಾರಿಗೆ ಹೋಗುವ ಬಸ್ಸಿನ ರಸ್ತೆಯ ಬದಿಗೆ ಇಗರ್ಜಿ, ಅದರ ಅಂಗಳದಲ್ಲಿ ಒಂದು ಮಾವಿನ ಮರ, ಮರದ ಬುಡದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಾಮ. ಮಾಮಿಯನ್ನು ಸ್ಕೂಟರಿನಲ್ಲಿ ಕರೆತಂದು ಬಾಗಿಲಲ್ಲಿ ಇಳಿಸಿ, ತಾವು ಮರದ ಬುಡಕ್ಕೆ ಬಂದು ಕೂರುತ್ತಿದ್ದರು. ಪೂಜೆ ಮುಗಿಯುವವರೆಗೆ ಅಲ್ಲಿಂದ ಏಳುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಏನು ಅಂತೀರಿ? ಒಂದು ಫ್ಯಾನು! ಮೂವತ್ತು ವರ್ಷಗಳ ಹಿಂದೆ ಮಾಮ ಕೂರುತ್ತಿದ್ದ ಬೆಂಚಿನ ಮೇಲ್ಗಡೆ ಸೀಲಿಂಗ್ ಫ್ಯಾನು ಹಾಕಿದರಂತೆ. ಅದರ ಗಾಳಿಗೆ ಕುತ್ತಿಗೆ ಹಿಡಿಯುತ್ತದೆ, ನಿಲ್ಲಿಸಿ ಎಂದು ಮಾಮ ಹಟ ಹಿಡಿದರು. ವಿಷಯ ಪಾಲನಾ ಮಂಡಳಿಯ ಸಭೆಗೆ ಹೋಗಿ, ಕೈ ಎತ್ತಿಸಿ ಎಣಿಸಿದಾಗ ಫ್ಯಾನು ಗೆದ್ದಿತು. "ಗಾಳಿ ಬೇಕಾದವರು ಒಳಗೆ ಕೂತ್ಕೊಳ್ಳಿ" ಎಂದು ಮಾಮ ಎದ್ದು ಹೊರಗೆ ಬಂದವರು ಬಂದವರೇ. ಫ್ಯಾನಿನ ಗಾಳಿ ಆಗದ ಮನುಷ್ಯ ಅಂದಿನಿಂದ ಮೂವತ್ತು ಮಳೆಗಾಲದ ಗಾಳಿಯಲ್ಲಿ ಕೂತರು. ಈ ಲೆಕ್ಕಾಚಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸಿದ್ಧಾಂತ ಹುಟ್ಟಿದ್ದು ಆಮೇಲೆ. ಫ್ಯಾನಿಗೋಸ್ಕರ ಹೊರಗೆ ಬಂದೆ ಎಂದು ಎಷ್ಟು ವರ್ಷ ಹೇಳಲಾದೀತು? ಹಾಗಾಗಿ ಮಾಮ ಬೈಬಲನ್ನು ಮೊದಲಿಂದ ಕೊನೆಯವರೆಗೆ ಓದಿ, ಕ್ರಿಶ್ಚಿಯನ್ ಆಗಲು ಇಗರ್ಜಿಗೆ ಹೋಗಬೇಕೆಂದು ಎಲ್ಲೂ ಬರೆದಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಆದರೆ ಈ ವಾದವನ್ನು ಮಾತ್ರ ಮಾಮ ಕನ್ನಡದಲ್ಲೇ ಮಾಡುತ್ತಾರೆ, ಊರಿಗೆಲ್ಲ ಅರ್ಥವಾಗಲಿ ಎಂದು.

ಹೊಸದಾಗಿ ಬಂದ ಫಾದರ್ ಒಬ್ಬರು ಎಳೆಯ ಪ್ರಾಯದವರು, ಉತ್ಸಾಹಿ. ಮೊದಲ ವಾರವೇ ನೇರವಾಗಿ ಮರದ ಬುಡಕ್ಕೆ ಬಂದರು.

"ಒಳಗೆ ಬನ್ನಿ, ಜಾಗ ಉಂಟಲ್ಲ."

"ಫಾದರ್, ಏಸುಸ್ವಾಮಿ ಪ್ರಸಂಗ ಮಾಡಿದ್ದು ಎಲ್ಲಿ?"

"ಬೆಟ್ಟದ ಮೇಲೆ. ದೋಣಿಯಲ್ಲಿಯೂ ಮಾಡಿದ್ದಾರೆ."

"ದೇವಾಲಯದ ಒಳಗೆ ಹೋದಾಗ ಎಂತ ಮಾಡಿದ್ರು?"

ಫಾದರ್ ಹೇಳಿದರು, "ವ್ಯಾಪಾರದವರ ಮೇಜುಗಳನ್ನು ಮಗುಚಿ ಹಾಕಿದ್ರು."

"ನೋಡಿ. ನಾನು ಹೊರಗೆ ಕೂತದ್ದು ನಿಮಗೇ ಒಳ್ಳೇದು."

ಫಾದರ್ ಕೂಡ ಬಿಡುವವರಲ್ಲ. "ಬೇಕಾದ್ರೆ ಎರಡು ಬೆಂಚು ಮಗುಚಿ ಹಾಕಿ, ಆದ್ರೆ ಒಳಗೆ ಬಂದು ಹಾಕಿ" ಎಂದರು. ಮಾಮ ಆ ಫಾದರನ್ನು ಅಂದಿನಿಂದ ತುಂಬ ಮೆಚ್ಚಿಕೊಂಡರು. ಒಳಗೆ ಮಾತ್ರ ಹೋಗಲಿಲ್ಲ.

ಇನ್ನು ಹೊರಗಿನ ಪೂಜೆಯ ಶಿಸ್ತನ್ನು ನೀವು ನೋಡಬೇಕಿತ್ತು. ಯಾವ ಇಗರ್ಜಿಯಲ್ಲೂ ತಡವಾಗಿ ಬಂದು ಅಂಗಳದಲ್ಲೇ ನಿಂತು ಹರಟೆ ಹೊಡೆಯುವ ಗಂಡಸರು ಹತ್ತು ಮಂದಿಯಾದರೂ ಇರುತ್ತಾರೆ. ನಮ್ಮಲ್ಲಿ ಅವರ ಪಾಡು ಯಾರಿಗೂ ಬೇಡವಾಗಿತ್ತು! ಧ್ವನಿವರ್ಧಕದಲ್ಲಿ ಸುವಾರ್ತೆ ಕೇಳಿಸಿದ ಕೂಡಲೇ ಮಾಮ ಎದ್ದು ನಿಂತು ಎಲ್ಲರನ್ನೂ ನಿಲ್ಲಿಸುತ್ತಿದ್ದರು. ಮೊಣಕಾಲೂರುವ ಹೊತ್ತಿಗೆ ಜಲ್ಲಿಕಲ್ಲಿನ ಮೇಲೇ ಊರಬೇಕಿತ್ತು. ಒಮ್ಮೆ ಒಬ್ಬರು ಜೇಬಿನಿಂದ ಮೊಬೈಲು ತೆಗೆದರು. ಮಾಮ ಬೆರಳನ್ನು ಬಾಗಿಲಿನ ಕಡೆಗೆ ಚಾಚಿ, "ಮೊಬೈಲ್ ನೋಡುದಾದ್ರೆ ಒಳಗೆ ಹೋಗಿ ನೋಡಿ ಮಾರಾಯ್ರೆ. ಇಲ್ಲಿ ಪೂಜೆ ಆಗ್ತಾ ಉಂಟು" ಎಂದರು.

ಹೊರಗೆ ಇಷ್ಟು ಭಕ್ತಿ ಇರುವುದನ್ನು ಕಂಡು ಮಂಡಳಿಯವರಿಗೆ ಮನಸ್ಸು ಕರಗಿತು. ಮಳೆಗೆ ನೆನೆಯುತ್ತಾರಲ್ಲ ಪಾಪ ಎಂದು ಬಾಗಿಲಿನಿಂದ ಮಾವಿನ ಮರದವರೆಗೆ ತಗಡಿನ ಚಪ್ಪರ ಹಾಕಿಸಿದರು. ಮಾಮ ಮೇಲೆ ನೋಡಿದರು. ತಲೆಯ ಮೇಲೆ ಮಾಡು ಬಂತೆಂದರೆ ಅದು ಇಗರ್ಜಿಯ ಒಳಗೇ ಆಯಿತಲ್ಲ! ಸ್ಟೂಲು ಎತ್ತಿಕೊಂಡು ಗೇಟಿನ ಹತ್ತಿರ ಹೋದರು. ಮುಂದಿನ ವರ್ಷ ಜನ ಹೆಚ್ಚಾದರೆಂದು ಚಪ್ಪರವನ್ನು ಗೇಟಿನವರೆಗೆ ಎಳೆದರು, ಮಾಮ ರಸ್ತೆಯ ಅಂಚಿಗೆ ಹೋದರು. ಅಲ್ಲಿಗೂ ಒಂದು ಸ್ಪೀಕರು, ಎರಡು ಬೆಂಚು ಬಂದಾಗ ರಸ್ತೆಯನ್ನೇ ದಾಟಿ ಬ್ಯಾರಿ ಕಾಕನ ಗೂಡಂಗಡಿಯ ಜಗಲಿ ಸೇರಿದರು. "ಇನ್ನು ಕಟ್ಟಿಸುವುದು ಬೇಡ" ಎಂದು ಫಾದರ್ ಮಂಡಳಿಯವರನ್ನು ತಡೆದರು. "ಇಗರ್ಜಿ ಹೀಗೇ ಬೆಳೆದರೆ ಅವರು ಸುಳ್ಯ ಮುಟ್ಟುತ್ತಾರೆ."

ಗೂಡಂಗಡಿಯಲ್ಲಿ ಕಷ್ಟ ಶುರುವಾದದ್ದು ಬ್ಯಾರಿ ಕಾಕನಿಗೆ. ಪೂಜೆಯ ಹೊತ್ತಿನಲ್ಲಿ ರೇಡಿಯೋ ಹಾಕಬಾರದು, ಎಳನೀರಿನ ಬೊಂಡ ಕೆತ್ತಬಾರದು, ಶಬ್ದವಾಗುತ್ತದೆ. ಬಸ್ಸಿಳಿದು ಬಾಯಾರಿ ಬಂದವರಿಗೆ ಮಾಮನೇ ಅಡ್ಡ ಕೂತು, "ಪ್ರಸಾದ ಕೊಟ್ಟು ಆಗ್ಲಿ, ಮತ್ತೆ ಬೊಂಡ" ಎನ್ನುತ್ತಿದ್ದರು.

"ಪೊರ್ಬುಗಳೆ," ಎಂದರು ಬ್ಯಾರಿ ಕಾಕ ಒಂದು ದಿನ, ಕೊಂಕಣಿ ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಕರೆಯುವ ಹಾಗೆ, "ಶುಕ್ರವಾರ ನಾನು ಅಂಗಡಿ ಮುಚ್ಚಿ ಮಸೀದಿಗೆ ಹೋಗುದು. ಈಗ ಆದಿತ್ಯವಾರ ಅಂಗಡಿ ತೆರೆದಿಟ್ಟು ಇಗರ್ಜಿಗೆ ಬಂದ ಹಾಗಾಯ್ತು. ನೀವೊಬ್ರು ಒಳಗೆ ಹೋದ್ರೆ ನನಗೆ ಇಗರ್ಜಿಯಿಂದ ರಜೆ ಸಿಗ್ತದೆ."

"ನೀವು ಬೇಕಾದ್ರೆ ಹೋಗಿ ಕಾಕ, ನಾನು ಅಂಗಡಿ ನೋಡ್ತೇನೆ" ಎಂದರು ಮಾಮ.

ಮಾಮನ ಸಿದ್ಧಾಂತಕ್ಕೆ ಸೊಪ್ಪು ಹಾಕದವರು ಊರಿನಲ್ಲಿ ಒಬ್ಬರೇ ಒಬ್ಬರು. ಮಾಮಿ! ಅವರ ಕಾನೂನು ಚಿಕ್ಕದು, ಖಡಕ್ಕು: ಇಗರ್ಜಿಗೆ ಹೋಗುವವನು ಕ್ರಿಶ್ಚಿಯನ್, ಹೋಗದವನು ಅಲ್ಲ. ಇವರು ಅಲ್ಲ. ನಮ್ಮ ವಾರ್ಡಿನ ಕುಟುಂಬಗಳನ್ನು ನೋಡಿಕೊಳ್ಳುವ ಗುರಿಕಾರರು ಒಮ್ಮೆ ಮನೆಗೆ ಬಂದು ಒಂದು ಫಾರಂ ತುಂಬಿಸುತ್ತಿದ್ದರು. ಪ್ರತಿ ಆದಿತ್ಯವಾರ ಪೂಜೆಗೆ ಬರುತ್ತೀರಾ, ಹೌದೋ ಇಲ್ಲವೋ?

"ಎರಡಕ್ಕೂ ಗುರುತು ಹಾಕಿ" ಎಂದರು ಮಾಮ.

"ಇಲ್ಲ ಅಂತ ಬರೀರಿ" ಎಂದು ಮಾಮಿ ಅಡುಗೆಮನೆಯಿಂದಲೇ ಹೇಳಿದರು. "ನಾನು ಸತ್ತು ಮೇಲೆ ಹೋದ್ರೆ ಇವರಿಗೋಸ್ಕರ ಬಾಗಿಲಲ್ಲಿ ಕಾಯುದಿಲ್ಲ. ಅಲ್ಲಿಯೂ ಇವರು ಹೊರಗೇ ಕೂರುವವರು."

ಗುರಿಕಾರರು ನಗಲೂ ಆಗದೆ, ಬರೆಯಲೂ ಆಗದೆ ಫಾರಂ ಮಡಚಿ ಕಿಸೆಗೆ ಹಾಕಿಕೊಂಡರು. ಮಾಮಿ ತಮಾಷೆಗೆ ಹೇಳಿದ್ದಲ್ಲ. ಗಂಡ ಒಂದೇ ಒಂದು ಸಲ ಒಳಗೆ ಬರಲಿ ಎಂದು ಅವರು ಹೊರದ ಹರಕೆಯಿಲ್ಲ. ಆ ಆಸೆಯನ್ನು ಬೈಗುಳದಲ್ಲಿ ಸುತ್ತಿಡುತ್ತಿದ್ದರು, ಅಷ್ಟೆ.

ಹೋದ ವರ್ಷ ಮಾಮಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಪುತ್ತೂರಿನಲ್ಲಿ ಆಪರೇಷನ್ ಆಯಿತು, ಮನೆಗೂ ಬಂದರು, ಆದರೆ ಮಂಚದಿಂದ ಏಳಲಾಗಲಿಲ್ಲ. ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಮಾಮನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದ್ದರು. ಮಾಮಿಗೆ ನಾವು ಹೇಳಲಿಲ್ಲ. ಫಾದರ್ ತಿಂಗಳಿಗೊಮ್ಮೆ ಮನೆಗೇ ಪ್ರಸಾದ ತರುತ್ತಿದ್ದರು. ಮಾಮಿಗೆ ಅದು ಸಾಕಾಗುತ್ತಿರಲಿಲ್ಲ.

"ನನ್ನ ಜಾಗದಲ್ಲಿ ಈಗ ಯಾರು ಕೂರುದು?" ಎಂದು ಒಂದು ಸಂಜೆ ನನ್ನನ್ನು ಕೇಳಿದರು. ನನಗೆ ಬುದ್ಧಿ ಬೇಡವೇ? ಯಾರೋ ಹೊಸಬರು ಕೂರುತ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಮಾಮಿ ಗೋಡೆಯ ಕಡೆ ಮುಖ ತಿರುಗಿಸಿದರು. "ಆಯ್ತಲ್ಲ. ಇಗರ್ಜಿಗೆ ಹೋಗದವಳು ಎಂತ ಕ್ರಿಶ್ಚಿಯನ್ ನಾನು" ಎಂದರು.

ನಾನು ಮಂಚದ ಅಂಚಿನಲ್ಲಿ ಕೂತಿದ್ದ ಮಾಮನ ಮುಖ ನೋಡಿದೆ. ಮೂವತ್ತು ವರ್ಷ ಮಸೆದಿಟ್ಟ ವಾದ ಬೇಕಾದದ್ದು ಈ ಒಂದು ಗಳಿಗೆಗೆ. ಇಗರ್ಜಿಗೆ ಹೋಗದಿದ್ದರೂ ನೀನು ಕ್ರಿಶ್ಚಿಯನ್ನೇ ಎಂಬ ಒಂದು ಮಾತು ಸಾಕಿತ್ತು. ಊರಿಗೆಲ್ಲ ಬೇಡವೆಂದರೂ ಹೇಳಿದ ಮಾತನ್ನು ಮಾಮ ಅವತ್ತು ಹೆಂಡತಿಗೆ ಹೇಳಲಿಲ್ಲ. ಹೆಂಡತಿಯ ಹೊದಿಕೆ ಸರಿಮಾಡಿ ಎದ್ದು ಹೋದರು.

ಮುಂದಿನ ಆದಿತ್ಯವಾರ ಪೂಜೆ ಶುರುವಾಗುವ ಮೊದಲು ಇಗರ್ಜಿಯಲ್ಲಿ ಒಮ್ಮೆಲೇ ಗುಸುಗುಸು ಎದ್ದಿತು. ತಿರುಗಿ ನೋಡಿದರೆ ಮಾಮ ಒಳಗೆ ಬರುತ್ತಿದ್ದಾರೆ! ನಮ್ಮಲ್ಲಿ ಬಲಬದಿ ಗಂಡಸರಿಗೆ, ಎಡಬದಿ ಹೆಂಗಸರಿಗೆ. ಗಂಡ ಹೆಂಡತಿ ಜೊತೆಯಲ್ಲಿ ಬಂದರೂ ಬಾಗಿಲಲ್ಲಿ ಬೇರೆಯಾಗುವುದು ವಾಡಿಕೆ. ಮಾಮ ಯಾರನ್ನೂ ನೋಡದೆ ಎಡಬದಿಯ ಮೂರನೇ ಬೆಂಚಿಗೆ ಹೋಗಿ, ತುದಿಯಲ್ಲಿ, ಸೀರೆಗಳ ನಡುವೆ ಕೂತುಬಿಟ್ಟರು. ಗುರಿಕಾರರು ಓಡಿ ಬಂದು ಬಗ್ಗಿ ಹೇಳಿದರು, "ಇದು ಹೆಂಗಸರ ಬದಿ."

"ಗೊತ್ತುಂಟು. ಇದು ಅವಳ ಜಾಗ. ಬೇರೆಯವರು ಕೂತ್ರೆ ಅವಳು ಬರುವಾಗ ಏಳ್ಲಿಕ್ಕಿಲ್ಲ."

"ಹಾಗಂತ ನೀವು ಇಲ್ಲಿ?"

"ಬಸ್ಸಿನಲ್ಲಿ ಸೀಟು ಹಿಡಿಯಲಿಕ್ಕೆ ಟವೆಲ್ ಹಾಕುದಿಲ್ವಾ? ನಾನು ಟವೆಲ್ ಅಂತ ತಿಳ್ಕೊಳ್ಳಿ."

ಗುರಿಕಾರರು ಫಾದರ್ ಕಡೆ ನೋಡಿದರು. ಫಾದರ್ ಪುಸ್ತಕದ ಹಾಳೆ ಮಗುಚಿ ಪೂಜೆ ಶುರು ಮಾಡಿದರು.

ಇದಾಗಿ ಒಂಬತ್ತು ತಿಂಗಳಾಯಿತು. ಮಾಮ ಈಗಲೂ ಹೆಂಗಸರ ಬದಿಯಲ್ಲೇ ಕೂರುತ್ತಾರೆ. ಯಾರಾದರೂ ಅಭಿನಂದಿಸಲು ಹೋದರೆ ಸಿಟ್ಟು ಬರುತ್ತದೆ. "ಇಗರ್ಜಿಗೆ ಬಂದದ್ದು ಅವಳು. ನಾನು ಕೂತದ್ದು ಮಾತ್ರ" ಎನ್ನುತ್ತಾರೆ. ಮನೆಗೆ ಬಂದು ಯಾವ ಪದ ಹಾಡಿದರು, ಯಾರು ತೂಕಡಿಸಿದರು ಎಂದು ಮಾಮಿಗೆ ಪೂರ್ತಿ ವರದಿ ಒಪ್ಪಿಸುತ್ತಾರೆ.

ಹೋದ ವಾರ ನಾನೂ ಅಲ್ಲಿದ್ದೆ. ವರದಿ ಮುಗಿದ ಮೇಲೆ ಮಾಮಿ ಕೇಳಿದರು, "ಜಾಗ ಉಂಟಲ್ಲ?"

"ಉಂಟು. ನೀನು ಬಂದು ಕೂತ್ರೆ ಆಯ್ತು."

"ನಾನು ಬಂದ ಮೇಲೆ ನೀವು ಪುನಃ ರಸ್ತೆ ದಾಟಿ ಹೋಗ್ತೀರಾ?"

ಮಾಮ ಹೊದಿಕೆಯ ಅಂಚು ಸರಿಮಾಡಿದರು. "ಇಲ್ಲ" ಎಂದರು. "ಗಂಡಸರ ಬದಿಯಲ್ಲಿ ಕೂರ್ತೇನೆ. ಒಳಗೆ."

ಮಾಮಿ ಅವರ ಕೈ ಹಿಡಿದುಕೊಂಡು ನಕ್ಕರು. ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.