ಮಾಸ್ತರರ ಬ್ರೇಕು

ಅಂದು ಬೆಳಿಗ್ಗೆ ಮನೆಯ ಮುಂದೆ ನಿಲ್ಲುವಾಗ ಕೃಷ್ಣಾಜಿ ಮಾಸ್ತರರ ಕಾರು ಒಮ್ಮೆ ಕಿರುಚಿತು. ಕಿರುಚಿದ್ದು ಒಂದೇ ಸಲ, ಆದರೆ ಬೈಲಹೊಂಗಲದ ಆ ಓಣಿಯ ಬಾಗಿಲುಗಳೆಲ್ಲ ತೆರೆದವು.

ಬೇರೆ ದಿನವಾಗಿದ್ದರೆ ಮಾಸ್ತರರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಂದು ಮಧ್ಯಾಹ್ನ ಬೆಳಗಾವಿಯಿಂದ ಮಗ ಸಮೀರ ಬರುವವನಿದ್ದ. "ಅಪ್ಪಾ, ನಿಮಗೂ ವಯಸ್ಸಾತು, ಗಾಡಿಗೂ ಆತು. ನಾ ಹಿಂದ ಕೂತು ನೋಡ್ತೀನಿ. ಯಾರಿಗೂ, ಯಾತಕ್ಕೂ ತಗಲಸದ ನೇಸರಗಿಗೆ ಹೋಗಿ ಬಂದ್ರ ಗಾಡಿ ನಿಮ್ಮದ. ಇಲ್ಲಾಂದ್ರ ಕೀಲಿ ನನ್ನ ಕೈಯಾಗ ಕೊಡ್ರಿ" ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದ.

ಆ ಕಾರೆಂದರೆ ಮಾಸ್ತರರಿಗೆ ಪ್ರಾಣ. ಪರದೇಶದ ಹಳೆಯ ಗಾಡಿ, ಮೂಲದಲ್ಲಿ ಎಡಗಡೆ ಸ್ಟೇರಿಂಗಿನದು. ಯಾವ ಕಾಲದಲ್ಲೋ ಯಾವ ಪುಣ್ಯಾತ್ಮನೋ ಸ್ಟೇರಿಂಗನ್ನು ಕಿತ್ತು ಬಲಕ್ಕೆ ಕೂಡಿಸಿದ್ದ. ಭೂಗೋಳ ಕಲಿಸುತ್ತಿದ್ದ ಕಾಲದಿಂದಲೂ ಮಾಸ್ತರರು ಹೆಂಡತಿ ಇಂದಿರಾಬಾಯಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಅದರಲ್ಲಿ ಸವದತ್ತಿ, ರಾಮದುರ್ಗ, ಕಿತ್ತೂರು ಎಲ್ಲ ತಿರುಗಿದ್ದರು. ಒಬ್ಬರೇ ಹೋಗಲು ಇಂದಿರಾಬಾಯಿ ಎಂದೂ ಬಿಟ್ಟವರಲ್ಲ. "ಇಷ್ಟು ವರ್ಷದಾಗ ಒಂದು ಕೋಳಿಗೂ ತಗಲಿಸಿಲ್ಲ" ಎಂಬ ಮಾತನ್ನು ಮಾಸ್ತರರು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಕಿರುಚಿದ ಸದ್ದಿಗೆ ಮೊದಲು ಬಂದವನು ಪಕ್ಕದ ಮನೆಯ ಹತ್ತಿ ವ್ಯಾಪಾರಿ ನಿಜಗುಣಪ್ಪ. ಕರೆಯದೆ ಬರುವುದರಲ್ಲಿ ಆತ ಓಣಿಗೇ ಮೊದಲಿಗ. "ಬ್ರೇಕ್ ಅಲ್ಲರಿ ಮಾಸ್ತರ್ರ, ಬೇರಿಂಗ್ ಹೋಗೇತಿ" ಎಂದ. ಹಾಲು ಹಾಕಲು ಬಂದ ಬಾಯವ್ವ, "ಯಾವ ಬೇರಿಂಗೂ ಅಲ್ಲ, ಗಾಡಿಗೆ ದೃಷ್ಟಿ ತಾಗೇತಿ" ಎಂದು ಬಾನೆಟ್ಟಿಗೆ ಮೆಣಸಿನಕಾಯಿ ಇಳಿದೆಗೆದಳು. ಮಾಸ್ತರರು ಇಬ್ಬರಿಗೂ ಕೈ ಮುಗಿದು, "ನಿಮ್ಮ ಉಪಕಾರ ಮರಿಯೂದಿಲ್ಲ" ಎಂದರು. ಉಪಕಾರವಾಗುವ ಮೊದಲೇ ಕೃತಜ್ಞರಾಗುವುದು ಅವರ ಸ್ವಭಾವ.

ಮೆಕ್ಯಾನಿಕ್ ಲಗಮಣ್ಣ ಬಂದು ಚಕ್ರ ಬಿಚ್ಚಿದ. "ಚಕ್ರಾ ಹಿಡಿಯೂ ಬ್ರೇಕ್ ಶೂ ಸವದು ಹಪ್ಪಳ ಆಗ್ಯಾವ್ರಿ. ಈ ಗಾಡಿವು ಎಲ್ಲೂ ಸಿಗಂಗಿಲ್ಲ. ಯರಗಟ್ಟಿಗೆ ಹೋಗಿ ಇವಕ್ಕ ಹೊಸಾ ಲೈನರ್ ಹಚ್ಚಿಸಿಕೊಂಡ ಬರ್ರಿ."

ನಿಜಗುಣಪ್ಪ ಬೈಕು ತೆಗೆದ. ಮಾಸ್ತರರು ಹಿಂದೆ ಕೂತು, ಗ್ರೀಸು ಮೆತ್ತಿದ ಬ್ರೇಕ್ ಶೂಗಳನ್ನು ಕೂಸಿನಂತೆ ಎದೆಗವಚಿಕೊಂಡರು. ಯರಗಟ್ಟಿಯಲ್ಲಿ ಲೈನರ್ ಅಂಗಡಿಗೆ ಬೀಗ. ಅಂಗಡಿಯವನು ಯಾರದೋ ಗೃಹಪ್ರವೇಶದ ಊಟಕ್ಕೆ ಕೂತಿದ್ದ. ನಿಜಗುಣಪ್ಪ ಪಂಕ್ತಿಗೇ ನುಗ್ಗಿ, ಗುರುತು ಪರಿಚಯವಿಲ್ಲದ ಅವನನ್ನು ರಟ್ಟೆ ಹಿಡಿದು ಎಬ್ಬಿಸಿದ. ಪಾಪ, ಅವನು ಕೈಯಲ್ಲಿದ್ದ ಅರ್ಧ ಹೋಳಿಗೆ ತಿನ್ನುತ್ತಲೇ ಬಂದು ಕೆಲಸ ಮಾಡಿಕೊಟ್ಟ. ಮಾಸ್ತರರು ಅವನಿಗೂ, ಹೋಳಿಗೆ ಮಾಡಿದ ಮನೆಯವರಿಗೂ ಉಪಕಾರ ಹೇಳಿ ಬಂದರು.

ಬರುವಷ್ಟರಲ್ಲಿ ಲಗಮಣ್ಣ ಕಾರಿನೊಳಗಿನ ಚಾಪೆ ತೆಗೆದು, ಒಳಗೆ ಬಗ್ಗಿ ನೋಡುತ್ತಿದ್ದ. ಇಂದಿರಾಬಾಯಿ ಕಾಲಿಡುವ ಎಡಬದಿಯಲ್ಲಿ ಮೂಲದ ಬ್ರೇಕ್ ಪೆಡಲ್ಲು ಇನ್ನೂ ಹಾಗೇ ಇತ್ತು. ಬಲಕ್ಕೆ ತುಳಿದರೆ ಉದ್ದನೆಯ ಸರಳೊಂದು ಎಡಗಡೆಯ ಆ ಹಳೆಯ ಕೀಲನ್ನೇ ಎಳೆದು ಬ್ರೇಕು ಹಿಡಿಯುತ್ತಿತ್ತು.

"ಎರಡೆರಡು ಪೆಡಲ್ ನೋಡಿದ್ರ ನಿಮ್ಮ ಮಗ ಹೌಹಾರತಾನ. ಇದನ್ನ ಕೊಯ್ದು ಒಗೀರಿ" ಎಂದ ನಿಜಗುಣಪ್ಪ.

"ಮ್ಯಾಲಿನ ಪಾದ ಅಷ್ಟ ಕೊಯ್ದರ ಬ್ರೇಕಿಗೆ ಏನೂ ಆಗಂಗಿಲ್ಲ" ಎಂದ ಲಗಮಣ್ಣ.

ಇಂದಿರಾಬಾಯಿ ಅಡುಗೆಮನೆಯಲ್ಲಿ ಮಗನಿಗಾಗಿ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಕೊಯ್ದ ಪಾದವನ್ನು ನಿಜಗುಣಪ್ಪ, ಗಾಳಿಗೆ ಬಡಿದುಕೊಳ್ಳುವ ತನ್ನ ಮನೆಯ ಬಾಗಿಲಿಗೆ ಒತ್ತು ಕೊಡಲು ಒಯ್ದ.

ಲಗಮಣ್ಣ ಗಾಡಿಯ ಕೆಳಗೆ ಮಲಗಿ, "ಬ್ರೇಕಿನ ಪೈಪಿನ್ಯಾಗಿನ ಗಾಳಿ ತಗೀಬೇಕು, ಬ್ರೇಕ್ ತುಳೀರಿ" ಎಂದ. ಮಾಸ್ತರರು ತುಳಿದರು.

"ಮಾಸ್ತರ್ರ, ಅದು ಕ್ಲಚ್ಚು!"

"ಗೊತ್ತದ, ಗೊತ್ತದ."

"ನಿಮ್ಮ ಬ್ರೇಕ್ ಪೆಡಲ್ಲಿನ ಮ್ಯಾಲಿನ ರಬ್ಬರ್ ಇನ್ನೂ ಹೊಸಾದ ಐತೆಲ್ರಿ!"

"ಛಲೋ ಡ್ರೈವರ್ ಬ್ರೇಕ್ ತುಳಿಯೂದ ಕಡಿಮಿ" ಎಂದು ಮಾಸ್ತರರು ಬೀಗಿದರು.

ಮಧ್ಯಾಹ್ನ ಸಮೀರ ಬಂದು ಊಟವಾದ ಮೇಲೆ ನೇಸರಗಿಯ ಕಡೆಗೆ ಸವಾರಿ ಹೊರಟಿತು. ಹಿಂದೆ ಸಮೀರ ಮತ್ತು ಲಗಮಣ್ಣ, ಮುಂದೆ ಎಡಕ್ಕೆ ಇಂದಿರಾಬಾಯಿ. ಊರು ದಾಟಿದ ಕೂಡಲೇ ಮಾಸ್ತರರು ಹಿಂದಕ್ಕೆ ತಿರುಗಿ, ಮಲಪ್ರಭೆ ಮನೋಳಿಯ ಹತ್ತಿರ ಹೇಗೆ ಹರಿಯುತ್ತಾಳೆಂದು ಮಗನಿಗೆ ಕೈಬೀಸಿ ವಿವರಿಸತೊಡಗಿದರು.

"ಎಮ್ಮಿ! ಎಮ್ಮಿ!" ಎಂದರು ಇಂದಿರಾಬಾಯಿ, ಕಾಲು ಒತ್ತುತ್ತ.

ಕಾರು ನಿಲ್ಲಲಿಲ್ಲ. ಮಾಸ್ತರರು ಗಾಬರಿಯಲ್ಲಿ ಸ್ಟೇರಿಂಗ್ ತಿರುಗಿಸಿದರು. ಎಮ್ಮೆ ಉಳಿಯಿತು. ಕಾರು ಹೊಲಕ್ಕಿಳಿದು, ಜೋಳದ ಕಣಿಕೆಯ ಬಣವೆಯೊಳಗೆ ಅರ್ಧ ಹೊಕ್ಕು ಕುಳಿತಿತು.

ಹೊಲದ ಒಡತಿ ಓಡಿ ಬಂದಳು. ಹಾಲಿನ ಬಾಯವ್ವನೇ. "ದಿನಾ ರಸ್ತಾದಾಗಿಂದನ ಕೈ ಮಾಡಿ ಹೋಗತಿದ್ರಿ. ಇವತ್ತರ ಒಳಗ ಬಂದ್ರೆಲ್ರಿ ಮಾಸ್ತರ್ರ! ಯಾರಿಗೂ ಏನೂ ಆಗಿಲ್ಲಲ್ಲ?"

ಯಾರಿಗೂ ಏನೂ ಆಗಿರಲಿಲ್ಲ. "ಲಗಮಣ್ಣಾ, ನಿನ್ನ ಬ್ರೇಕ್ ಕೈ ಕೊಟ್ಟಿತು!" ಎಂದು ಮಾಸ್ತರರು ಗುಡುಗಿದರು. ಲಗಮಣ್ಣ ಬಗ್ಗಿ ಬಲಗಡೆಯ ಪೆಡಲ್ಲನ್ನು ಕೈಯಿಂದ ಒತ್ತಿ ಹಿಡಿದು, ಸಮೀರನಿಗೆ ಗಾಡಿ ನೂಕಲು ಹೇಳಿದ. ಗಾಡಿ ಕದಲಲಿಲ್ಲ. ಬ್ರೇಕು ಭದ್ರವಾಗಿತ್ತು.

ಇಂದಿರಾಬಾಯಿ ಮಾತ್ರ ಇನ್ನೂ ಕೆಳಗೆ ಕಾಲಾಡಿಸುತ್ತಿದ್ದರು. "ಎಲ್ಲಿ ಹೋತದು? ಇಲ್ಲೇ ಇತ್ತಲ್ಲ!"

"ಯಾವುದವ್ವಾ?" ಎಂದ ಸಮೀರ.

"ನನ್ನ ಬ್ರೇಕು!"

ಬಣವೆಯ ಹತ್ತಿರ ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು.

"ಹಂಗಾದ್ರ ಆ ಸವದತ್ತಿ ಗುಡ್ಡದ ಇಳುಕಲು..." ಎಂದರು ಮಾಸ್ತರರು ಮೆಲ್ಲಗೆ.

"ನಾನ ತುಳದಿದ್ದು."

"ಕಿತ್ತೂರಾಗ ಕುರಿ ಹಿಂಡು?"

"ಅದೂ ನಾನ."

"ಮತ್ತ ಇಷ್ಟು ವರ್ಷ ಹೇಳಲಿಲ್ಲಲ್ಲ?"

"ನಿಮಗ ಗಾಡಿ ಹೊಡ್ಯೂದಂದ್ರ ಎಷ್ಟು ಖುಷಿ. ನಾ ತುಳಕೋತ ಹೋದ್ರಾತು ಅಂತ ಸುಮ್ಮನಿದ್ದೆ."

ಬೆಳಗಿನಿಂದ ಮಾಸ್ತರರು ಊರಿಗೆಲ್ಲ ಉಪಕಾರ ಹೇಳಿದ್ದರು. ನಿಜವಾಗಿ ಹೇಳಬೇಕಾದವಳಿಗೆ ಈ ಜನ್ಮದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೆಂಡತಿಗೆ ಎರಡೂ ಕೈ ಮುಗಿದು, "ಇಂದಿರಾ, ನಾನಿವತ್ತು ಜೀವಂತ ಇರೂದ ನಿನ್ನ ಕಾಲಿನ ಪುಣ್ಯಾ" ಎಂದರು.

"ಸಾಕು, ತಲಿಮ್ಯಾಲಿನ ಕಣಿಕಿ ಕೊಡವಿಕೋರಿ" ಎಂದರು ಇಂದಿರಾಬಾಯಿ. ಕಣ್ಣು ಮಾತ್ರ ತೇವವಾಗಿತ್ತು.

ಸಮೀರ ಕೀಲಿ ತೆಗೆದುಕೊಂಡ. "ಗಾಡಿ ಎಲ್ಲೂ ಹೋಗೂದಿಲ್ಲ ಅಪ್ಪಾ." ಮಾಸ್ತರರ ಮುಖ ಅರಳಿತು. "ಅವ್ವಾ, ನಾಳೆ ಡ್ರೈವಿಂಗ್ ಕ್ಲಾಸಿಗೆ ನಿನ್ನ ಹೆಸರು ಹಚ್ತೀನಿ. ಮುಖ್ಯವಾದದ್ದು ನಿನಗ ಆಗಲೇ ಬರ್ತದ" ಎಂದವನೇ ಕೀಲಿಯನ್ನು ತಾಯಿಯ ಕೈಯಲ್ಲಿಟ್ಟ.

ಸಂಜೆ ಮಾಸ್ತರರು ನಿಜಗುಣಪ್ಪನ ಮನೆಗೆ ಹೋಗಿ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತರು. ತುಳಿತುಳಿದು ಬೆಳ್ಳಿಯಂತೆ ಹೊಳೆಯುತ್ತಿದ್ದ ಪೆಡಲಿನ ಪಾದವನ್ನು ಎತ್ತಿಕೊಂಡರು.

"ಯಾಕ್ರಿ ಮಾಸ್ತರ್ರ? ಬಾಗಲಾ ಬಡಕೋತೈತಿ!"

"ಬಡಕೊಳ್ಳಿ ಬಿಡ್ರಿ. ಇನ್ನ ಮ್ಯಾಲೆ ಇಂದಿರಾ ಗಾಡಿ ಹೊಡೀತಾಳ, ನಾ ಎಡಕ್ಕ ಕೂಡಾಂವ. ಇದನ್ನ ನಾಳೇನ ವೆಲ್ಡಿಂಗ್ ಮಾಡಸ್ತೀನಿ."

ಗೋಡೆಯಾಚೆಯಿಂದ ಇಂದಿರಾಬಾಯಿಯ ದನಿ ಕೇಳಿಸಿತು. "ಏನ್ರೀ, ಅದನ್ನ ಅಲ್ಲೇ ಇಟ್ಟು ಬರ್ರಿ! ನಾ ಹೊಡ್ಯೂ ಮುಂದ ನಡುವ ಯಾರರ ಬ್ರೇಕ್ ಹಾಕಿದ್ರ ನನಗ ಸೇರೂದಿಲ್ಲ."

ಮಾಸ್ತರರು ಪೆಡಲನ್ನು ಇದ್ದಲ್ಲೇ ಇಟ್ಟರು. ಅದಕ್ಕೂ ಒಂದು ನಮಸ್ಕಾರ ಮಾಡಿ, ಮನೆಗೆ ನಡೆದರು.