ಸರಿ ಅಂದರು, ಸರಿದೆ

ಮಕ್ಕಳಿಗೆ ಧೈರ್ಯ ಕಲಿಸುವುದು ತಾಯಿಯ ಪರಮ ಕರ್ತವ್ಯ ಎಂದು ನಾನು ಬಲವಾಗಿ ನಂಬಿದ್ದೆ. ಆ ಧೈರ್ಯವನ್ನು ನಾಲ್ಕು ಗಾಲಿಯ ಹಲಗೆಯ ಮೇಲೆ ನಿಂತು ಕಲಿಸಬೇಕಾಗುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ.

ಧಾರವಾಡದ ಲಕಮನಹಳ್ಳಿ ಕಡೆ ಸ್ಕೇಟ್ ಪಾರ್ಕ್ ಆದಾಗಿನಿಂದ ನಮ್ಮ ಮಗಳು ಪಲ್ಲವಿ ಮಾಳಮಡ್ಡಿಯ ಮನೆಯಲ್ಲಿ ನಿಂತದ್ದೇ ಇಲ್ಲ. ಪಾರ್ಕನ್ನು ತಲೆ ಓಡಿಸಿ ಕಟ್ಟಿದ್ದಾರೆ. ಕಲಿಯುವವರಿಗೆ ಒಂದು ಜಾಗ, ಕಲಿತವರಿಗೆ ಇನ್ನೊಂದು, ನೋಡುತ್ತ ಕುಳಿತುಕೊಳ್ಳುವ ನಮ್ಮಂಥವರಿಗೆ ಬೇವಿನ ನೆರಳಲ್ಲಿ ಕಟ್ಟೆ. ನೆಲವಂತೂ ನಾದಿಟ್ಟ ಹಿಟ್ಟಿನಂತೆ ನುಣುಪು. ನಡುವೆ ನೀರಿಲ್ಲದ ಈಜುಕೊಳದಂಥ ದೊಡ್ಡ ತಗ್ಗು. ಅದಕ್ಕೆ ‘ಬೌಲ್’ ಎನ್ನುತ್ತಾರೆ.

ಈ ಬೌಲಿನಲ್ಲಿ ಪಲ್ಲವಿ ಒಮ್ಮೆ ಬಿದ್ದಳು. ಮೊಣಕೈಯ ಗಾಯ ಬೇಗ ಮಾಯಿತು, ಹೆದರಿಕೆ ಮಾಯಲಿಲ್ಲ. ಅಂಚಿಗೆ ಬರುತ್ತಾಳೆ, ಬಗ್ಗಿ ನೋಡುತ್ತಾಳೆ, ವಾಪಸ್ ಹೋಗುತ್ತಾಳೆ. ಕೊನೆಗೊಂದು ಸಂಜೆ ಸ್ಕೇಟ್ ಬೋರ್ಡನ್ನು ಮಂಚದ ಕೆಳಗೆ ತಳ್ಳಿ, “ನಾ ಇನ್ನ ಒಲ್ಲೆ ಅವ್ವಾ. ಬಿಟ್ಟಬಿಡ್ತೇನಿ” ಎಂದಳು.

“ನಾ ಇಳದ ತೋರಸ್ತೇನಿ. ನಾ ಇಳದ್ರ ನೀನೂ ಇಳೀತಿ?” ಎಂದೆ.

ಇದು ಆಗುವ ಮಾತಲ್ಲ ಎಂಬ ನೆಮ್ಮದಿಯಿಂದ ಅವಳು, “ಆತು” ಎಂದಳು.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿದರು. “ಸಾಲ್ಯಾಗ ಕನ್ನಡಾ ಕಲಸಾಕಿ ನೀ. ದಿನಾ ಹುಡುಗರ ಕಡೆ ಸಂಧಿ ಬಿಡಸ್ತಿ. ಅಲ್ಲಿ ಬಿದ್ರ ನಿನ್ನ ಸಂಧಿ ಡಾಕ್ಟರ್ ಬಿಡಸ್ತಾರ, ನೋಡು.”

ಗಾಂಧಿ ಚೌಕದ ಗದ್ದಲದಲ್ಲಿ ಸ್ಕೂಟಿ ಓಡಿಸುವವಳಿಗೆ ಈ ಹಲಗೆ ಯಾವ ಲೆಕ್ಕ!

ಭಾನುವಾರ ಬೆಳಿಗ್ಗೆ ಚೂಡಿದಾರ ತೊಟ್ಟು, ಮೊಣಕಾಲಿಗೆ ಮಗಳ ಪ್ಯಾಡು ಬಿಗಿದು, ತಲೆಗೆ ನನ್ನದೇ ಸ್ಕೂಟಿ ಹೆಲ್ಮೆಟ್ ಹಾಕಿಕೊಂಡು, ಅವಳ ಬೋರ್ಡ್ ಹಿಡಿದು ಯುದ್ಧಕ್ಕೆ ಹೊರಟವಳಂತೆ ಹೊರಟೆ, ಹಿಂದೆ ಅಪ್ಪ, ಮಗಳು. ಅಲ್ಲಿ ಕಲಿಸುವ ಚೇತನ್ ಮೈಸೂರಿನ ಕಡೆಯ ತರುಣ, ಬಲು ಸೌಮ್ಯ.

“ಇವತ್ತು ಇಳಿಯೋದು ಬೇಡ ಮೇಡಂ. ಬೌಲ್ ಅಂಚಲ್ಲಿ ಬೋರ್ಡ್ ಮೇಲೆ ಸುಮ್ನೆ ನಿಂತ್ಕೊಳ್ಳಿ. ಬ್ಯಾಲೆನ್ಸ್ ಬಂದ್ರೆ ಸಾಕು” ಎಂದ.

ನಿಂತೆ. ಮೊಣಕಾಲು ಬಗ್ಗಿಸಿದೆ. ಕೈ ಚಾಚಿದೆ. ಹೆಲ್ಮೆಟ್ಟಿನೊಳಗೆ ಅವನ ಮಾತು ಅರ್ಧಂಬರ್ಧ ಕೇಳುತ್ತಿತ್ತು.

“ಸರಿ,” ಎಂದ ಚೇತನ್. “ಸರಿ, ಸರಿ.”

ಇಲ್ಲಿ ಸ್ವಲ್ಪ ಭಾಷಾಶಾಸ್ತ್ರ ಅನಿವಾರ್ಯ. ಮೈಸೂರಿನಲ್ಲಿ ‘ಸರಿ’ ಎಂದರೆ ಚೆನ್ನಾಗಿದೆ, ಹಾಗೇ ಇರಿ ಎಂದು. ಅದಕ್ಕೆ ನಾವು ‘ಬರೋಬ್ಬರಿ’ ಎನ್ನುತ್ತೇವೆ. ನಮ್ಮಲ್ಲಿ ‘ಸರಿ’ ಎಂದರೆ ಜಾಗ ಬಿಡು, ಆ ಕಡೆ ಹೋಗು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ನಾವು ದಿನವೂ ಸರಿಯುವವರು. ಪಾಠ ಮಾಡುವಾಗ ನಾನು ಎರಡೂ ಅರ್ಥ ಬಲ್ಲೆ. ಆದರೆ ಎದೆ ಡವಗುಟ್ಟುವಾಗ ಮನೆಯ ಅರ್ಥವೇ ಮೊದಲು ಬರುತ್ತದೆ. ಹಿಂದೆ ಯಾರೋ ಕಾಯುತ್ತಿರಬೇಕು ಎಂದುಕೊಂಡೆ. ವಯಸ್ಸಿನಲ್ಲಿ ದೊಡ್ಡವಳಿಗೆ ಒಂದು ‘ರಿ’ ಕೂಡ ಹಚ್ಚದೆ ‘ಸರಿ’ ಎನ್ನುತ್ತಾನಲ್ಲ ಎಂದು ಸಿಟ್ಟೂ ಬಂತು. ಆ ಕಡೆಯವರಿಗೆ ‘ರಿ’ ರೂಢಿಯಿಲ್ಲ ಪಾಪ ಎಂದು ಕ್ಷಮಿಸಿ, ಸರಿದೆ.

ಮುಂದಕ್ಕೆ.

ಆಮೇಲೆ ಹಲಗೆ ಸಮೇತ ಬೌಲಿನ ಎದುರಿನ ಗೋಡೆ ಹತ್ತಿದೆ, ಹಿಮ್ಮುಖವಾಗಿ ಇಳಿದೆ, ಈ ಕಡೆಯ ಗೋಡೆ ಹತ್ತಿದೆ. ತೊಟ್ಟಿಲು ತೂಗಿದ ಹಾಗೆ! ಕೆಳಗಿದ್ದ ಹುಡುಗಿಯರಿಗೆ, “ಸರೀರಿ, ಸರೀರಿ” ಎಂದು ಕೂಗಿದೆ. ಅವರು ಧಾರವಾಡದವರು, ಗೋಡೆಗೆ ಅಂಟಿ ನಿಂತರು. ಮೇಲೆ ಚೇತನ್ ಮಾತ್ರ, “ಸರಿ ಅಂತಿದಾರೆ, ಮೇಡಂ ಆರಾಮಾಗಿದಾರೆ” ಎಂದು ಚಪ್ಪಾಳೆ ತಟ್ಟಿದ. ನಾನು ನೆಲಕ್ಕೆ ಕುಳಿತ ಸದ್ದು ಕೇಳಿದ ಮೇಲೆ ಅವನಿಗೂ ಸಂಶಯ ಬಂದು, ಔಷಧದ ಡಬ್ಬಿ ತರಲು ಓಡಿದ.

ಏನೂ ಮುರಿದಿರಲಿಲ್ಲ. ಆದರೆ ಮೇಲೆ ಬರುವುದು ಹೇಗೆ? ಗೋಡೆ ಹತ್ತಲು ಹೋದರೆ ಅದು ಅಷ್ಟೇ ಪ್ರೀತಿಯಿಂದ ಕೆಳಗೆ ಕಳಿಸುತ್ತಿತ್ತು. ಕಟ್ಟೆಯ ಮೇಲೆ ಗಿರಮಿಟ್ ತಿನ್ನುತ್ತಿದ್ದ ನಮ್ಮ ಮನೆಯವರು ಪೊಟ್ಟಣ ಸಮೇತ ಓಡಿಬಂದು, ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದರು.

“ಹಿಡಿ.”

“ಆ ಕೈಯಾಗ ಗಿರಮಿಟ್ ಐತಿ. ಇನ್ನೊಂದ ಕೊಡ್ರಿ.”

ಅವರು ಕೈ ಬದಲಿಸಿದರು. ಗಿರಮಿಟ್ ಪೂರ್ತಿ ನನ್ನ ಹೆಲ್ಮೆಟ್ ಮೇಲೆ ಸುರಿಯಿತು.

ಆಗ ಮೇಲಿನಿಂದ ಪಲ್ಲವಿಯ ದನಿ ಕೇಳಿತು. “ಅಪ್ಪಾ, ಸರಿ.”

ಅಪ್ಪ ಸರಿದರು. ಗೆಳತಿಯ ಬೋರ್ಡಿನ ಮೇಲೆ ನಿಂತಿದ್ದ ನನ್ನ ಮಗಳು ಒಂದು ಕ್ಷಣವೂ ತಡೆಯದೆ ಇಳಿದಳು. ಬೌಲನ್ನು ಒಂದು ಸುತ್ತು ಹೊಡೆದು ನನ್ನ ಮುಂದೆ ಬಂದು ನಿಂತಳು. ಎಷ್ಟು ಸಂತೋಷವಾಯಿತೆಂದರೆ, ಕುಳಿತಲ್ಲೇ ಅತ್ತುಬಿಟ್ಟೆ. ಹೆಲ್ಮೆಟ್ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

“ಇಳದೆಲ್ಲ ಪಲ್ಲೂ! ನನ್ನ ನೋಡಿ ಧೈರ್ಯ ಬಂತಲ್ಲಾ?”

“ಹೂಂ. ನೀ ಬಿದ್ದದ್ದ ನೋಡಿ ಬಂತು. ಇದಕ್ಕಿಂತ ಕೆಟ್ಟ ಬೀಳಾಕ ಯಾರಿಗೂ ಆಗಂಗಿಲ್ಲ ಅನಿಸ್ತು. ಏಳ ಇನ್ನ. ಹಿಂದ ನೋಡು, ಮೆಟ್ಟಲ ಅದಾವು.”

ತಿರುಗಿ ನೋಡಿದೆ. ಆಳ ಕಡಿಮೆ ಇರುವ ಬದಿಯಲ್ಲಿ ಅಚ್ಚುಕಟ್ಟಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ತಲೆ ಓಡಿಸಿ ಕಟ್ಟಿದ ಪಾರ್ಕು ಎಂದು ಮೊದಲೇ ಹೇಳಿದೆನಲ್ಲ.

ಚೇತನ್ ಈಗ ‘ಬರೋಬ್ಬರಿ’ ಎನ್ನಲು ಕಲಿತಿದ್ದಾನೆ, ‘ರಿ’ ಕೂಡ ಹಚ್ಚುತ್ತಾನೆ. ಪಲ್ಲವಿ ಬೌಲಿನಿಂದ ಹೊರಗೆ ಬರುವುದೇ ಕಡಿಮೆ. ನಾನಂತೂ ಬಿದ್ದ ಮರುದಿನವೇ ಶಾಲೆಗೆ ಹೋದೆ. ಅಂದು ನಾನಾರ್ಥ ಪದಗಳ ಪಾಠ. ಹಲಗೆಯ ಮೇಲೆ ದೊಡ್ಡದಾಗಿ ‘ಸರಿ’ ಎಂದು ಬರೆದು, ಎರಡೂ ಅರ್ಥಗಳನ್ನು ಉದಾಹರಣೆ ಸಹಿತ ವಿವರಿಸಿದೆ. ಪೂರ್ತಿ ಪಾಠವನ್ನು ನಿಂತುಕೊಂಡೇ ಮಾಡಿದೆ. ಕುಳಿತುಕೊಳ್ಳುವ ಸ್ಥಿತಿ ಇರಲಿಲ್ಲ.